ಗೇಟು ನೋಡುವ ಶಾಸ್ತ್ರ

ಮಗನಿಗೆ ಹೆಣ್ಣು ನೋಡಲೆಂದು ಭದ್ರಾವತಿಯಿಂದ ಬಂದ ಸುಭದ್ರಮ್ಮ, ನವುಲೆಯ ಶಿವಮೂರ್ತಪ್ಪನವರ ಮನೆಯ ಗೇಟು ತಳ್ಳಿದ್ದೇ ತಡ, ಅಂಗೈಯೆಲ್ಲ ಬೆಳ್ಳಗಾಯಿತು. ಗೇಟು ನೋಡಿದರೆ ಕಪ್ಪು! "ಅಯ್ಯೋ ಶಿವನೇ, ಇದೇನು ಸುಣ್ಣವಾ?" ಎನ್ನುತ್ತ ಅವರು ಕೈ ರೇಷ್ಮೆ ಸೀರೆಗೆ ತಾಗದಂತೆ ಮೇಲೆತ್ತಿ ನಿಂತರು.

ಅಷ್ಟರಲ್ಲಿ ಮಗ ವಿಶ್ವಾರಾಧ್ಯ ಗೇಟಿನ ಮೇಲೆ ಹೆಬ್ಬೆರಳು ಎಳೆದು, ಅಂಟಿದ ಪುಡಿಯನ್ನು ಕಣ್ಣಿನ ಹತ್ತಿರ ಹಿಡಿದಾಗಿತ್ತು. ಕಬ್ಬಿಣಕ್ಕೆ ಬಣ್ಣದ ಪುಡಿ ಹಿಡಿಸಿ ಬೇಯಿಸುವ ಪೌಡರ್ ಕೋಟಿಂಗ್ ಶೆಡ್ ಭದ್ರಾವತಿಯಲ್ಲಿ ಅವನದೇ ಇದೆ. ಕಬ್ಬಿಣ ಕಂಡರೆ ಮುಟ್ಟದೆ ಇರಲಾರ, ಮುಟ್ಟಿದರೆ ಸುಮ್ಮನಿರಲಾರ. "ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ ಮಾರಾಯ" ಎಂದು ತಾಯಿ ದಾರಿಯುದ್ದಕ್ಕೂ ಬೇಡಿಕೊಂಡೇ ಬಂದಿದ್ದರು.

"ಇದು ಎಪಾಕ್ಸಿ ಪುಡಿಯ ಬಣ್ಣ ಸಾರ್. ಗೇಟಿಗೆ ಹಾಕ್ಸಿ ಅಂತ ನಿಮಗೆ ಯಾರು ಹೇಳಿದ್ದು?"

ಈ ಸಂಬಂಧವಾದರೂ ಕೂಡಿಬರಲಿ ಎಂದು ಮೆಟ್ಟಿಲಲ್ಲೇ ಕೈಮುಗಿದು ನಿಂತಿದ್ದ ಶಿವಮೂರ್ತಪ್ಪ ಎದೆಯುಬ್ಬಿಸಿದರು. "ಯಾರೂ ಹೇಳಿಲ್ಲ, ನಾನೇ ಆರಿಸಿದ್ದು. ನೆಲದಡಿ ಹಾಕೋ ಪೈಪಿಗೂ ಇದನ್ನೇ ಹಾಕ್ತಾರಂತೆ. ತುಕ್ಕು ಹತ್ತಿರ ಸುಳಿಯಲ್ಲ."

"ನೆಲದಡಿ ಬಿಸಿಲು ಬೀಳಲ್ವಲ್ಲ ಸಾರ್."

ಸುಭದ್ರಮ್ಮ ಜೋರಾಗಿ ಕೆಮ್ಮಿದರು. ಮಗರಾಯನಿಗೆ ಕೇಳಿಸಿದರೆ ತಾನೇ! "ಎಪಾಕ್ಸಿ ಒಳ್ಳೇ ಮಾಲೇ. ಒಂದ್ಸಲ ಹಿಡಿದ್ರೆ ಜಪ್ಪಯ್ಯ ಅಂದ್ರೂ ಬಿಡಲ್ಲ. ಆಸ್ಪತ್ರೆ ಮಂಚ, ಮನೆಯೊಳಗಿನ ಕಪಾಟು, ಅದಕ್ಕೆಲ್ಲ ಚಿನ್ನ. ಬಿಸಿಲು ಮಾತ್ರ ತಡ್ಕೊಳ್ಳಲ್ಲ, ಹೀಗೆ ಪುಡಿ ಏಳುತ್ತೆ. ಹೊರಗಿಂದಕ್ಕೆ ಪಾಲಿಯೆಸ್ಟರ್ ಪುಡಿ ಹಾಕಿಸ್ಬೇಕಿತ್ತು."

"ಮೇಲೊಂದು ಕೈ ಪೇಂಟ್ ಹೊಡೆಸಿದ್ರಾಯ್ತು ಬಿಡಿ."

"ಹಾಗೇ ಹೊಡೆದ್ರೆ ನಿಲ್ಲಲ್ಲ ಸಾರ್! ಗೇಟು ಬಿಚ್ಚಿ ನಮ್ಮ ಶೆಡ್ಡಿಗೆ ಕಳಿಸಿ. ಹಳೇದೆಲ್ಲ ಕೆರೆದು, ಹೊಸ ಪುಡಿ ಹಾಕಿ, ಓವನ್ನಲ್ಲಿ ಬೇಯಿಸಿ ಕೊಡ್ತೀನಿ."

ಇವನು ಹೆಣ್ಣು ನೋಡಲು ಬಂದನೋ, ಗೇಟು ಕಿತ್ತುಕೊಂಡು ಹೋಗಲು ಬಂದನೋ ಎಂದು ಶಿವಮೂರ್ತಪ್ಪನವರಿಗೆ ಮೈಯೆಲ್ಲ ಉರಿಯಿತು. ಒಳಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸದ್ದಿಲ್ಲದೆ ಖಾಲಿಯಾದವು. ಕಾಫಿ ತಂದ ಸ್ಪಂದನಾಳನ್ನು ವಿಶ್ವಾರಾಧ್ಯ ಒಮ್ಮೆ ನೋಡಿ, ಕಿವಿಯವರೆಗೂ ಕೆಂಪಾಗಿ ತಲೆ ತಗ್ಗಿಸಿದ. "ಫೋನ್ ಮಾಡಿ ತಿಳಿಸ್ತೀವಿ" ಎಂದು ಶಿವಮೂರ್ತಪ್ಪ ಮುಖ ಬಿಗಿದುಕೊಂಡೇ ಬೀಳ್ಕೊಟ್ಟರು.

ಕಾರು ಅತ್ತ ತಿರುಗುತ್ತಿದ್ದಂತೆ ಮಗಳತ್ತ ತಿರುಗಿ, "ಈ ಸಂಬಂಧ ಬೇಡಮ್ಮ. ಬಾಗಿಲಲ್ಲೇ ಐಬು ಹುಡುಕಿದೋನು ನಾಳೆ ನಿನ್ನಲ್ಲಿ ಇನ್ನೇನೇನು ಹುಡುಕ್ತಾನೋ" ಎಂದರು.

ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಸ್ಪಂದನಾ ನಗು ತಡೆದುಕೊಂಡಳು.

"ಅಪ್ಪಾ, ಇಲ್ಲಿವರೆಗೆ ಬಂದೋರೆಲ್ಲ ಗೇಟು ಚೆನ್ನಾಗಿದೆ ಅಂತ ಹೊಗಳಿ, ಒಳಗೆ ಬಂದು ನನ್ನಲ್ಲಿ ಐಬು ಹುಡುಕಿದ್ರು. ಇವರೊಬ್ರೇ ಗೇಟಲ್ಲಿ ಹುಡುಕಿದ್ದು. ಹ್ಞೂಂ ಅಂತ ಹೇಳ್ಬಿಡಪ್ಪ."