ಬೀಳದ ಬೆಂಕಿಯ ರಸೀದಿ

"ಹೋದ ವರ್ಷ ನಲವತ್ತೊಂದು ಬೆಂಕಿ. ಈ ವರ್ಷ ಹತ್ತೊಂಬತ್ತು. ಬೆಂಕಿ ಅರ್ಧ ಆಯ್ತು, ಖರ್ಚು ಮಾತ್ರ ಪೂರ್ತಿ! ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು ಅಂತ ಹಿರಿಯರು ಸುಮ್ನೆ ಹೇಳಿದ್ರಾ?" ಎಂದು ಜವಳಿ ಅಂಗಡಿಯ ಸದಸ್ಯರು ಕೇಳಿದ್ದೇ ತಡ, ಪುರಸಭೆಯ ಸಭಾಂಗಣ ಮೇಜು ಗುದ್ದಿ ನಕ್ಕಿತು.

ಮೈಕಿನ ಮುಂದೆ ಏಣಿ ನಿಂತಿದ್ದ. ಆಳು ಎತ್ತರ, ಅಗ್ನಿಶಾಮಕ ಠಾಣೆಯಲ್ಲಿ ಇಪ್ಪತ್ತೇಳು ವರ್ಷದಿಂದ ಯಾರೂ ಅವನನ್ನು ಬೇರೆ ಹೆಸರಿನಿಂದ ಕರೆದಿಲ್ಲ. ನಿವೃತ್ತರಾದ ಅಗ್ನಿಶಾಮಕರ ಶ್ವಾಸಕೋಶದ ಚಿಕಿತ್ಸೆಗೆ ಪುರಸಭೆ ಇನ್ನು ಮುಂದೆ ದುಡ್ಡು ಕೊಡಬೇಕಿಲ್ಲ ಎಂಬ ನಿರ್ಣಯ ಅವತ್ತು ಮತಕ್ಕೆ ಬಂದಿತ್ತು. ಏಣಿಯ ನಿವೃತ್ತಿಗೆ ಎಂಟು ತಿಂಗಳಿತ್ತು. ಅವನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು "ಒಳಗೆಲ್ಲ ಮಸಿ ಕಣಪ್ಪ" ಎಂದದ್ದು ಅವನಿಗೆ, ಅವನ ಹೆಂಡತಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲ. ಅದನ್ನು ಇವತ್ತು ಎಲ್ಲರೆದುರು ಹೇಳಿಬಿಡುವುದೆಂದು ಗಂಡ ಹೆಂಡತಿ ಕೂತು ತೀರ್ಮಾನಿಸಿದ್ದರು. ಅವಳೇ ಹಾಳೆಯಲ್ಲಿ ಬರೆದುಕೊಟ್ಟಿದ್ದಳು, ಕೊನೆಯ ಸಾಲಿನಲ್ಲಿ. "ಮೊದಲೇ ಹೇಳಿದ್ರೆ ಭಿಕ್ಷೆ ಕೇಳಿದ ಹಾಗಿರತ್ತೆ. ಮೊದಲು ಕೆಲಸ ಹೇಳಿ, ಆಮೇಲೆ ಎದೆ," ಎಂದಿದ್ದಳು.

"ಬೆಂಕಿ ಯಾಕೆ ಕಮ್ಮಿ ಆಯ್ತು ಅಂತ ಕೇಳಿ ಸಾಹೇಬ್ರೇ," ಎಂದ ಏಣಿ. "ಎರಡು ವರ್ಷದಿಂದ ಮನೆಮನೆಗೂ ಹೋಗಿ ವೈರು ನೋಡ್ತಿದ್ದೀವಿ. ನಿಮ್ಮ ಗೋದಾಮಿನ ಸ್ವಿಚ್ ಬೋರ್ಡೇ ಸುಟ್ಟು ಕರಕಲಾಗಿತ್ತು. ಅದನ್ನ ಬದಲಾಯಿಸೋವರೆಗೂ ನಾವು ನಾಲ್ಕು ಜನ ಬಾಗಿಲಲ್ಲೇ ಕೂತಿದ್ವಿ."

"ಕೇಳಿದ್ರಾ? ಕೂತಿದ್ವಿ ಅಂತ ಅವರ ಬಾಯಲ್ಲೇ ಬಂತು!"

ಮತ್ತೆ ನಗು. ಏಣಿ ಅದು ಇಳಿಯುವ ತನಕ ಕಾದ. "ಅಲ್ಲಿ ಬೆಂಕಿ ಬೀಳಲಿಲ್ಲವಲ್ಲ ಸಾರ್. ಅದೇ ನಮ್ಮ ಕೆಲಸ."

"ಬೀಳದ ಬೆಂಕಿಗೆ ರಸೀದಿ ಎಲ್ಲಿದೆ, ತೋರಿಸಪ್ಪ. ಅದಿಲ್ದೆ ಕೊಡೋಕೆ ಇದೇನು ನಮ್ಮಪ್ಪನ ಮನೆ ಗಂಟಾ? ಜನರ ತೆರಿಗೆ!"

"ಮೊದಲು ನಮ್ಮ ಬೀದಿಗೆ ದೀಪ ಹಾಕಿಸಿ!" ಎಂದು ಸಾರ್ವಜನಿಕರ ಸಾಲಿನಿಂದ ಹಾಲಿನ ಅಂಗಡಿಯಾಕೆ ಕೂಗಿದಳು. ಅವಳ ಮಾತು ಸುಳ್ಳಾಗಿರಲಿಲ್ಲ. ಆ ಬೀದಿಯ ಕತ್ತಲಲ್ಲೇ ಏಣಿ ಒಮ್ಮೆ ಪೈಪು ಹೊತ್ತು ಓಡುತ್ತ ಚರಂಡಿಗೆ ಬಿದ್ದಿದ್ದ. ಅವನು ನಡುವಿನ ಸಾಲುಗಳನ್ನೆಲ್ಲ ಬಿಟ್ಟು, ಹಾಳೆಯ ಕೊನೆಗೆ ಬೆರಳಿಟ್ಟ. ಎರಡನೇ ಸಾಲಿನ ಕುರ್ಚಿಯಲ್ಲಿದ್ದ ಹೆಂಡತಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ನನ್ನ ಎದೆ," ಎಂದ.

ಗಂಟೆ ಹೊಡೆಯಿತು.

ಮೂರು ನಿಮಿಷ ಮೀರಿ ಮಾತಾಡುವವರ ಬಾಯಿ ಮುಚ್ಚಿಸಲೆಂದು ಗುಮಾಸ್ತರು ಅದೇ ವಾರ ಗೋಡೆಗೆ ಹಾಕಿಸಿದ್ದ ಕರೆಂಟಿನ ಗಂಟೆ. ಠಾಣೆಗೆ ಗಂಟೆ ಒದಗಿಸಿದ ಕಂಟ್ರಾಕ್ಟರನೇ ಇದನ್ನೂ ಕೊಟ್ಟಿರಬೇಕು, ಅದೇ ಕಿರುಚಾಟ. ಕೊನೆಯ ಸಾಲಿನಲ್ಲಿ ಕೂತಿದ್ದ ಮೂವರು ಅಗ್ನಿಶಾಮಕರು ಕುರ್ಚಿಗಳನ್ನು ಕೆಡವಿಕೊಂಡು ಎದ್ದರು. ಏಣಿಯ ಕೈಯಿಂದ ಹಾಳೆ ಎತ್ತಲೋ ಹಾರಿತು. ಅವರದು ತಲೆಗೆ ಗೊತ್ತಾಗುವ ಮೊದಲೇ ಕಾಲಿಗೆ ಗೊತ್ತಾಗುವ ಕಸುಬು. ನಾಲ್ವರೂ ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಿಂತಾಗ, ಹೊರಗಡೆ ವಾಹನವೂ ಇಲ್ಲ, ಹೊಗೆಯೂ ಇಲ್ಲ. ನೆಲ ಒರೆಸುತ್ತಿದ್ದ ಜಾಡಮಾಲಿಯೊಬ್ಬಳು ಬಕೆಟ್ಟನ್ನು ಎಳೆದುಕೊಂಡು ಗೋಡೆಗೆ ಒತ್ತಿಕೊಂಡಳು.

ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಾಲಿನ ಅಂಗಡಿಯಾಕೆ ಪಕ್ಕದವಳ ತೊಡೆಗೆ ಬಡಿದಳು. ಹಗೆ ಇಟ್ಟುಕೊಂಡು ನಕ್ಕವರು ಅಲ್ಲಿ ಒಬ್ಬರೂ ಇರಲಿಲ್ಲ.

"ಇನ್ಯಾವುದಕ್ಕಲ್ಲದಿದ್ರೂ ಇದಕ್ಕಾದ್ರೂ ಸಂಬಳ ಕೊಡಬಹುದು ಬಿಡ್ರಪ್ಪ!" ಎಂದರು ಜವಳಿ ಅಂಗಡಿಯವರು.

"ಸಾಕು, ಸಾಕು," ಎಂದು ಅಧ್ಯಕ್ಷೆ ನಗು ನುಂಗಿಕೊಂಡರು. "ಅವಧಿ ಮುಗೀತು. ಆದ್ರೂ ಅವರೇನೋ ಹೇಳ್ತಿದ್ರಲ್ಲ... ಒಂದೇ ಒಂದು ಮಾತು. ಅಲ್ಲಿಂದಲೇ ಹೇಳಿಬಿಡಿ."

ಏಣಿ ಸಭೆಗೆ ಬೆನ್ನು ಹಾಕಿ, ಹಣೆಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಂತಿದ್ದ. ಮೈಕಿನಿಂದ ಬಾಗಿಲಿಗೆ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಮಡಚಿಕೊಂಡ ಪೈಪಿನಲ್ಲಿ ನೀರು ಸಿಕ್ಕಿಬಿದ್ದ ಹಾಗೆ ಉಸಿರು ಎದೆಯಲ್ಲೇ ನಿಂತುಬಿಟ್ಟಿತ್ತು. ಬಾಯಿ ತೆರೆದ, ಗಾಳಿ ಒಳಗೆ ಬರಲಿಲ್ಲ, ಮಾತು ಹೊರಗೆ ಹೋಗಲಿಲ್ಲ. ಭುಜಗಳೆರಡೂ ಎದ್ದೆದ್ದು ಬೀಳುತ್ತಿದ್ದವು. "ದಾರಿ ಬಿಡಿ, ಸ್ವಲ್ಪ ದಾರಿ ಬಿಡಿ," ಎನ್ನುತ್ತ ಹೆಂಡತಿ ಜನರ ಮೊಣಕಾಲು ದಾಟಿ ಬರುತ್ತಿರುವುದು ಎಲ್ಲೋ ದೂರದಲ್ಲಿ ಕೇಳಿಸಿತು.

"ನೋಡ್ರೀ ಅಲ್ಲಿ," ಎಂದರು ಜವಳಿ ಅಂಗಡಿಯವರು, ಕುಣಿಯುತ್ತಿದ್ದ ಆ ಭುಜಗಳತ್ತ ಕೈ ತೋರಿಸಿ. "ಪಾಪ, ಅವನಿಗೇ ತಡ್ಕೊಳ್ಳೋಕೆ ಆಗ್ತಿಲ್ಲ!"

ಅಧ್ಯಕ್ಷೆ ಕನ್ನಡಕ ಹಾಕಿಕೊಂಡು ಕಾಗದಗಳನ್ನು ಸರಿಮಾಡಿದರು. "ಇರಲಿ ಬಿಡಿ, ಅವರು ಸಮಾಧಾನವಾಗಿ ನಕ್ಕು ಮುಗಿಸಲಿ. ಅಷ್ಟರಲ್ಲಿ ನಾವು ನಿರ್ಣಯಕ್ಕೆ ಕೈ ಎತ್ತಿಬಿಡೋಣ."