ಸುಣ್ಣದ ಗೆರೆಯ ಮನೆ

“ಎಲ್ಲರೂ ಒಮ್ಮೆ ಮಲಗಿ ನೋಡಿ,” ಎಂದಳು ಎಂಜಿನಿಯರ್ ಹುಡುಗಿ. ಗುಡಿಸಲುಗಳನ್ನು ತೆಗೆದು ಕಟ್ಟಲಿರುವ ಮನೆಯ ಅಳತೆಯನ್ನು ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ತೋರಿಸಿದ್ದಳು. “ಎಲ್ರಿಗೂ ಮನೆ ಸಿಗಬೇಕಂದ್ರೆ ತಲೆಗೆ ಇಷ್ಟೇ ಜಾಗ.”

ದರ್ಜಿ ನಗುತ್ತ ಗೆರೆಯೊಳಗೆ ಮಲಗಿದ. ಪಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳು, ಆಮೇಲೆ ಹೆಂಡತಿ. ಹೊಲಿಗೆ ಯಂತ್ರ ನಿಲ್ಲುವ ಮೂಲೆಗೆ ಗುರುತಾಗಿ ಎಲ್ಲರ ಚಪ್ಪಲಿ ರಾಶಿ ಹಾಕಿದ್ದರು. “ಬನ್ನಿ ಅತ್ತೆ,” ಎಂದು ಹೆಂಡತಿ ಮಕ್ಕಳನ್ನು ಒತ್ತಿ ಸರಿದಳು. ಅತ್ತೆ ಮಲಗಿದರು. ಪಾದಗಳು ಗೆರೆ ದಾಟಿದವು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳಿಕೊಟ್ಟೋಳೇ ನೀನಲ್ವೇನಮ್ಮ?” ಎಂದ ಮಗ. ಅತ್ತೆಯೂ ನಕ್ಕು ಮಂಡಿ ಮಡಚಿದರು. “ನಾನು ಮಲಗೋದೇ ಹೀಗೆ ಕಣೋ.” ಕೀಲುನೋವಿನ ಅತ್ತೆ ಕಾಲು ನೀಡದೆ ಒಂದು ರಾತ್ರಿಯೂ ಕಣ್ಣು ಮುಚ್ಚಿದವರಲ್ಲ ಎಂದು ಸೊಸೆಗೆ ಗೊತ್ತಿತ್ತು. ಗಂಡನ ಕಡೆ ನೋಡಿದಳು. ಅವನು ಆಕಾಶ ನೋಡುತ್ತಿದ್ದ.

ಅತ್ತೆ ಮೆಲ್ಲನೆ ಎದ್ದು, ಗೆರೆಯಾಚೆ ಹೋಗಿ ಕಾಲು ಚಾಚಿ ಕುಳಿತರು. “ನೀವು ಹಾಯಾಗಿರಿ. ನನಗೆ ಇಲ್ಲಿ ಹೊರಗೆ ಒಂದು ಚಾಪೆ ಸಾಕು.”

“ಅಜ್ಜಿ, ಅಲ್ಲಿ ಆಗಲ್ಲ,” ಎಂದಳು ಎಂಜಿನಿಯರ್ ಹುಡುಗಿ, ದನಿ ತಗ್ಗಿಸಿ. “ನಿಮ್ಮದು ಒಂಬತ್ತನೇ ಮಹಡಿ. ಗೆರೆ ಆಚೆ ಬರೀ ಗಾಳಿ.”

ಅತ್ತೆ ಕಾಲು ಮಡಚಿಕೊಂಡರು.