ಇಲೀನಾಳ ಕೊನೆಯ ದೋಸೆ

ಇಂಗ್ಲೆಂಡಿನ ಸಣ್ಣ ಊರೊಂದರ ಉಡುಪಿ ಹೋಟೆಲಿನಲ್ಲಿ ಏಳು ವರ್ಷ ದೋಸೆ ಹುಯ್ದ ರೊಮೇನಿಯಾದ ಇಲೀನಾಗೆ ಅಂದು ಕೊನೆಯ ದಿನ. ಜನರ ಓಟಿನಿಂದ ಈ ದೇಶ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಇಲ್ಲಿರುವ ಮನಸ್ಸೇ ಅವಳಿಗೆ ಉಳಿದಿರಲಿಲ್ಲ.

"ಯಾವ ಮುಠ್ಠಾಳರು ಇದಕ್ಕೆ ಓಟು ಹಾಕಿದ್ರೋ! ಇನ್ನು ಇಂಥ ದೋಸೆ ಎಲ್ಲಿ ರಾಯರೇ?" ಎಂದು ಗಿರಾಕಿಯೊಬ್ಬರು ರೇಗಿದರು. ಮಾಲೀಕ ವಾದಿರಾಜರು ತಲೆಯಾಡಿಸಿ ಅಡುಗೆಮನೆಗೆ ಹೋದರು.

"ನಾವೂ ಅದಕ್ಕೇ ಓಟು ಹಾಕಿದ್ದು ಅಂತ ಅವಳಿಗೆ ಹೇಳಿಬಿಡೋಣವಾ?" ಹೆಂಡತಿ ಕೇಳಿದಳು.

"ಸುಮ್ಮನಿರು ಮಾರಾಯ್ತಿ. ಈ ಯುರೋಪಿನವರು ಬರುವುದು ನಿಂತರೆ ನಮ್ಮೂರಿನ ಅಡುಗೆಯವರನ್ನು ಕರೆಸಬಹುದು ಅಂತ ಹಾಕಿದ್ದಲ್ವಾ? ಒಬ್ಬನಿಗಾದರೂ ವೀಸಾ ಸಿಕ್ಕಿತಾ?"

ಪಕ್ಕದಲ್ಲೇ ಕಾವಲಿ ಉಜ್ಜುತ್ತಿದ್ದ ಇಲೀನಾ ತಲೆ ಎತ್ತಲಿಲ್ಲ. ಅವಳೊಂದಿಗೆ ಇಂಗ್ಲಿಷು, ಅವಳೆದುರು ಗುಟ್ಟಿನ ಮಾತಿಗೆ ಕನ್ನಡ. ಗಂಡಹೆಂಡತಿಗೆ ಮೊದಲಿನಿಂದಲೂ ಅದೇ ರೂಢಿ.

ಸಂಜೆ ಅವಳು ಏಪ್ರನ್ ಮಡಿಸಿಟ್ಟಳು. ನೀನಿಲ್ಲದೆ ಬಹಳ ಕಷ್ಟ ಎಂದು ವಾದಿರಾಜರು ಇಂಗ್ಲಿಷಿನಲ್ಲಿ ಹೇಳಿದರು. ತಮ್ಮದೇ ದನಿ ಬೇರೆ ಯಾರದೋ ಅನ್ನಿಸಿತು.

ಇಲೀನಾ ಅವರ ಕೈ ಹಿಡಿದು ಅಚ್ಚ ಕನ್ನಡದಲ್ಲಿ ಹೇಳಿದಳು:

"ಓಟಿನ ವಿಷಯ ನನಗೆ ಅವತ್ತೇ ಗೊತ್ತಿತ್ತು ಅಣ್ಣಾ. ನಾಳೆಗೆ ಹಿಟ್ಟು ರುಬ್ಬಿಟ್ಟಿದ್ದೇನೆ."